ಮನೆಯಲ್ಲಿ ಸೈಕಲ್ ರಿಪೇರಿ ಸ್ಟಾಂಡ್: ಯಾವುದನ್ನು ಕೊಳ್ಳಬೇಕು, ಸೈಕಲ್ಲನ್ನು ಎಲ್ಲಿ ಹಿಡಿಸಬೇಕು

ಸೈಕಲ್ಲನ್ನು ತಲೆಕೆಳಗು ಮಾಡಿ, ಹ್ಯಾಂಡಲ್ ಮತ್ತು ಸೀಟಿನ ಮೇಲೆ ನಿಲ್ಲಿಸಿ, ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ಚೈನಿಗೆ ಎಣ್ಣೆ ಬಿಡುವುದನ್ನು ನಮ್ಮಲ್ಲಿ ಹೆಚ್ಚಿನವರು ಚಿಕ್ಕಂದಿನಲ್ಲೇ ಕಲಿತಿರುತ್ತೇವೆ. ಹಳೆಯ ಕಪ್ಪು ಸೈಕಲ್ಲಿಗೆ ಅದರಿಂದ ದೊಡ್ಡ ಕೆಡುಕೇನೂ ಆಗುತ್ತಿರಲಿಲ್ಲ. ಬೆಲ್ಲಿನ ಮುಚ್ಚಳ ತರಚುತ್ತಿತ್ತು, ಸೀಟಿಗೆ ಮಣ್ಣು ಮೆತ್ತುತ್ತಿತ್ತು, ಅಷ್ಟೆ. ಇಂದಿನ ಗೇರ್ ಸೈಕಲ್ಲಿನಲ್ಲಿ ಗೇರ್ ಮತ್ತು ಬ್ರೇಕ್ ಲಿವರುಗಳು ಹ್ಯಾಂಡಲ್ಲಿನ ಮೇಲೇ ಇರುವುದರಿಂದ ಇಡೀ ಭಾರ ಅವುಗಳ ಮೇಲೆ ಬೀಳುತ್ತದೆ. ಎಣ್ಣೆಯ ಒತ್ತಡದಿಂದ ನಡೆಯುವ ಡಿಸ್ಕ್ ಬ್ರೇಕ್ ಇದ್ದರೆ, ಲಿವರಿನ ಬಳಿಯ ಪುಟ್ಟ ತೊಟ್ಟಿಯಲ್ಲಿ ಗಾಳಿಗುಳ್ಳೆಯೇನಾದರೂ ಇದ್ದಲ್ಲಿ ಅದು ಕೊಳವೆಯೊಳಕ್ಕೆ ಸರಿದು, ಸೈಕಲ್ಲನ್ನು ನೆಟ್ಟಗೆ ನಿಲ್ಲಿಸಿದ ಮೇಲೆ ಬ್ರೇಕ್ ಮೆತ್ತಗಾಗಿಬಿಡುತ್ತದೆ. ಇನ್ನು ಗೇರ್ ಹೊಂದಿಸುವಾಗ ಮೇಲಿನದು ಕೆಳಗೆ, ಬಲಗಡೆಯದು ಎಡಕ್ಕೆ ಬಂದಿರುವ ಸ್ಥಿತಿಯಲ್ಲಿ ಯಾವ ತಿರುಪನ್ನು ಯಾವ ಕಡೆಗೆ ತಿರುಗಿಸಬೇಕೆಂಬುದೇ ತಿಳಿಯದಂತಾಗುತ್ತದೆ.

ಸೈಕಲ್ ರಿಪೇರಿ ಸ್ಟಾಂಡ್ ಈ ತೊಂದರೆಗಳನ್ನೆಲ್ಲ ಒಂದೇ ಸಲಕ್ಕೆ ನಿವಾರಿಸುತ್ತದೆ. ಎರಡೂ ಗಾಲಿಗಳು ನೆಲ ಬಿಟ್ಟಿರುತ್ತವೆ, ಪೆಡಲ್ ಕೈಗೆ ಸಿಗುತ್ತದೆ, ಚೈನು ಸೊಂಟದ ಎತ್ತರಕ್ಕೆ ಬರುತ್ತದೆ. ಅಮೆರಿಕದ ಮಿನೆಸೋಟ ರಾಜ್ಯದ ಸೇಂಟ್ ಪಾಲ್ ನಗರದಲ್ಲಿ ಸೈಕಲ್ ಅಂಗಡಿ ನಡೆಸುತ್ತಿದ್ದ ಹೋವರ್ಡ್ ಹಾಕಿನ್ಸ್ ಮತ್ತು ಆರ್ಟ್ ಎಂಗ್‌ಸ್ಟ್ರಾಮ್ ಎಂಬ ಇಬ್ಬರು ದಿನವಿಡೀ ಬಗ್ಗಿ ಕೆಲಸ ಮಾಡುವುದನ್ನು ತಪ್ಪಿಸಿಕೊಳ್ಳಲು 1963ರಲ್ಲಿ ತಮಗಾಗಿಯೇ ಒಂದು ಸ್ಟಾಂಡ್ ಕಟ್ಟಿಕೊಂಡರು. ಕೈಗೆ ಸಿಕ್ಕ ಹಳೆಯ ಸಾಮಾನುಗಳನ್ನು ಜೋಡಿಸಿ, ಬುಡಕ್ಕೆ ಕಾಂಕ್ರೀಟ್ ತುಂಬಿ ಅವರು ಮಾಡಿದ ಆ ಸ್ಟಾಂಡಿನಿಂದಲೇ ಪಾರ್ಕ್ ಟೂಲ್ ಕಂಪನಿ ಹುಟ್ಟಿತು. ಬುಡಕ್ಕೆ ಭಾರ ಬೇಕು ಎಂಬ ಅವರ ಎಣಿಕೆ ಮನೆಯ ಸ್ಟಾಂಡಿಗೂ ಅನ್ವಯಿಸುತ್ತದೆ. ಅದನ್ನು ಮುಂದೆ ನೋಡೋಣ.

ಕೊಳ್ಳುವ ಮೊದಲು

ಮನೆಯಲ್ಲಿರುವುದು ಡಬಲ್ ಸ್ಟಾಂಡಿನ ಹಳೆಯ ಸೈಕಲ್ ಮಾತ್ರವಾದರೆ ಬೇರೆ ಸ್ಟಾಂಡಿಗೆ ಹಣ ಹಾಕುವ ಅಗತ್ಯವಿಲ್ಲವೆಂದೇ ನನ್ನ ಅಭಿಪ್ರಾಯ. ಆ ಸ್ಟಾಂಡ್ ಹಿಂದಿನ ಗಾಲಿಯನ್ನು ನೆಲದಿಂದ ಎತ್ತಿ ಹಿಡಿಯುವುದರಿಂದ ಚೈನು ಒರೆಸಿ ಎಣ್ಣೆ ಬಿಡುವುದು, ಫ್ರೀವೀಲ್ ಪರೀಕ್ಷಿಸುವುದು, ಹಿಂದಿನ ಗಾಲಿಯ ಬೆಂಡ್ ತೆಗೆಯುವುದು ಇವೆಲ್ಲ ಅದರ ಮೇಲೆಯೇ ಸಾಗುತ್ತವೆ. ಇಪ್ಪತ್ತು ಕಿಲೋ ದಾಟುವ ಅಂತಹ ಸೈಕಲ್ಲನ್ನು ಎದೆಯ ಮಟ್ಟಕ್ಕೆ ಎತ್ತುವುದು ಬೆನ್ನಿಗೂ ಒಳ್ಳೆಯದಲ್ಲ.

ಗೇರ್ ಸೈಕಲ್ ಇದ್ದು, ತಿಂಗಳಿಗೊಮ್ಮೆ ಚೈನು ಸ್ವಚ್ಛಗೊಳಿಸಿ ಗೇರ್ ಹೊಂದಿಸುವುದಷ್ಟೇ ಉದ್ದೇಶವಾದರೆ, ಹಿಂದಿನ ಗಾಲಿಯ ಬಳಿ ಫ್ರೇಮಿನ ಎರಡು ಪೈಪುಗಳನ್ನು ಕೊಕ್ಕೆಗಳಿಂದ ಆನಿಸಿ ಹಿಡಿಯುವ ಚಿಕ್ಕ ಸ್ಟಾಂಡ್ ಸಾಕು. ಅಂಗಡಿಗಳಲ್ಲಿ ಸೈಕಲ್ಲುಗಳನ್ನು ಪ್ರದರ್ಶನಕ್ಕೆ ನಿಲ್ಲಿಸುವುದು ಇದರ ಮೇಲೆಯೇ. ಬೆಲೆ ಕಡಿಮೆ, ಮಡಚಿದರೆ ಬಾಗಿಲ ಹಿಂದೆ ನಿಲ್ಲುತ್ತದೆ, ಬಾಡಿಗೆ ಮನೆಯ ಪುಟ್ಟ ಬಾಲ್ಕನಿಗೂ ಹೊಂದುತ್ತದೆ. ಆದರೆ ಅದರ ಮುಂದೆ ನೆಲದ ಮೇಲೆ ಕೂರಲೇಬೇಕು, ಮುಂದಿನ ಗಾಲಿ ನೆಲದ ಮೇಲೆಯೇ ಇರುತ್ತದೆ, ಮತ್ತು ಹಿಂದಿನ ಗಾಲಿಯನ್ನು ಕಳಚುವಾಗ ಸೈಕಲ್ ಅಲುಗಾಡುತ್ತದೆ. ಕೆಲವು ಮಾದರಿಗಳ ಕೊಕ್ಕೆ ಡಿಸ್ಕ್ ಬ್ರೇಕಿನ ಕೊಳವೆಗೆ ತಾಗುವುದುಂಟಾದ್ದರಿಂದ ಕೊಳ್ಳುವಾಗ ಸೈಕಲ್ಲನ್ನೇ ಅಂಗಡಿಗೆ ಒಯ್ದು ಇಟ್ಟುನೋಡುವುದು ಸರಿ.

ಬ್ರೇಕ್, ಕೇಬಲ್, ಬೆಂಡ್, ಪೂರ್ಣ ಓವರ್‌ಹಾಲಿಂಗ್ ಇವೆಲ್ಲವನ್ನೂ ಮನೆಯಲ್ಲೇ ಮಾಡಬಯಸುವವರಿಗೆ ಕ್ಲಾಂಪ್, ಅಂದರೆ ಸೈಕಲ್ಲನ್ನು ಕಚ್ಚಿ ಹಿಡಿಯುವ ದವಡೆ, ಇರುವ ಎತ್ತರದ ಸ್ಟಾಂಡ್ ಬೇಕು. ಇದರಲ್ಲಿ ಮೂರು ಸಂಗತಿಗಳನ್ನು ನಾನು ಕೈಯಿಂದ ಮುಟ್ಟಿ ನೋಡುತ್ತೇನೆ. ಕ್ಲಾಂಪಿನ ದವಡೆಗಳ ರಬ್ಬರು ಮೆತ್ತಗಿದ್ದು, ಅವು ಒಂದಕ್ಕೊಂದು ಸಮನಾಗಿ ಮುಚ್ಚಬೇಕು. ಕ್ಲಾಂಪ್ ಹಿಡಿಯುವುದು ಸೀಟ್‌ಪೋಸ್ಟನ್ನು, ಅಂದರೆ ಸೀಟನ್ನು ಹೊತ್ತ ಪೈಪನ್ನು; ಸಾಮಾನ್ಯವಾಗಿ ಅದರ ವ್ಯಾಸ 25.4, 27.2, 30.9 ಅಥವಾ 31.6 ಮಿ.ಮೀ. ಇರುವುದರಿಂದ ಇಷ್ಟನ್ನೂ ಕ್ಲಾಂಪ್ ಕಷ್ಟವಿಲ್ಲದೆ ಹಿಡಿಯಬೇಕು. ಕಂಬದ ಎತ್ತರ ಬದಲಿಸುವ ಜಾಗದಲ್ಲಿ ಆಟ ಇರಬಾರದು. ಕ್ಲಾಂಪಿನ ತುದಿ ಹಿಡಿದು ಅಲ್ಲಾಡಿಸಿದಾಗ ಅಲ್ಲಿ ಕಟಕಟ ಸದ್ದು ಬಂದರೆ ಸೈಕಲ್ ಹೇರಿದ ಮೇಲೆ ಅದು ಇನ್ನೂ ಹೆಚ್ಚುತ್ತದೆ. ಕಾಲುಗಳು ಅಗಲವಾಗಿ ಹರಡಿ, ಅವುಗಳ ತುದಿಗೆ ಗಟ್ಟಿ ರಬ್ಬರು ಇರಬೇಕು, ಏಕೆಂದರೆ ನಮ್ಮ ಮನೆಗಳ ನುಣುಪಾದ ಟೈಲ್ಸಿನ ಮೇಲೆ ಪ್ಲಾಸ್ಟಿಕ್ ಕಾಲು ಜಾರುತ್ತದೆ. ಸ್ಟಾಂಡ್ ಎಷ್ಟು ಕಿಲೋ ತಾಳುತ್ತದೆಂದು ಬರೆದಿರುವುದನ್ನು ಓದಿ, ಮನೆಯಲ್ಲಿರುವ ಅತಿ ಭಾರದ ಸೈಕಲ್ಲಿಗಿಂತ ಅದು ಸಾಕಷ್ಟು ಹೆಚ್ಚಿದೆಯೇ ನೋಡಬೇಕು. ಬ್ಯಾಟರಿ ಸೈಕಲ್ ಇದ್ದರಂತೂ ಈ ಸಂಖ್ಯೆಯೇ ಮೊದಲ ಪ್ರಶ್ನೆ.

ಕ್ಲಾಂಪ್ ಬಿಗಿಯುವ ಬಗೆಯಲ್ಲಿ ಎರಡುಂಟು. ಒಂದರಲ್ಲಿ ತಿರುಪು ತಿರುಗಿಸಿ ನಿಧಾನವಾಗಿ ಬಿಗಿಯಬೇಕು, ಇನ್ನೊಂದರಲ್ಲಿ ಲಿವರ್ ಒತ್ತಿದರೆ ಒಮ್ಮೆಗೇ ಹಿಡಿಯುತ್ತದೆ. ಅಂಗಡಿಯವರಿಗೆ ಲಿವರ್ ಅನುಕೂಲ. ಹೊಸದಾಗಿ ಕಲಿಯುವವರಿಗೆ ತಿರುಪಿನದೇ ಒಳ್ಳೆಯದು, ಏಕೆಂದರೆ ಎಷ್ಟು ಬಿಗಿಯಾಗುತ್ತಿದೆಯೆಂಬುದು ಬೆರಳಿಗೆ ಗೊತ್ತಾಗುತ್ತದೆ.

ಕಾರ್ಬನ್ ಫ್ರೇಮಿನ, ಚಪ್ಪಟೆ ಸೀಟ್‌ಪೋಸ್ಟಿನ ರೇಸ್ ಸೈಕಲ್ಲಿಗೆ ಕ್ಲಾಂಪ್ ಹೊಂದುವುದಿಲ್ಲ. ಅದಕ್ಕೆ ಒಂದು ಗಾಲಿಯನ್ನು ಕಳಚಿ, ಫೋರ್ಕಿನ ಅಥವಾ ಹಿಂಬದಿಯ ಆಕ್ಸಲ್ ಜಾಗವನ್ನು ಸ್ಟಾಂಡಿಗೆ ಸಿಕ್ಕಿಸಿ, ಪೆಡಲ್ ಕೂಡುವ ಕೆಳಗಿನ ಭಾಗವನ್ನು ತೊಟ್ಟಿಲಂತಹ ಆಧಾರದ ಮೇಲೆ ಕೂರಿಸುವ ಮಾದರಿ ಬೇರೆಯೇ ಇದೆ. ಅದನ್ನು ಕೊಳ್ಳುವವರು ತಮ್ಮ ಆಕ್ಸಲ್ ತೆಳು ಕ್ವಿಕ್ ರಿಲೀಸಿನದೋ (ಲಿವರ್ ತೆರೆದು ಗಾಲಿ ಕಳಚುವ ಬಗೆ), 12 ಅಥವಾ 15 ಮಿ.ಮೀ.ಯ ದಪ್ಪ ಆಕ್ಸಲೋ ಎಂಬುದನ್ನು ಅಳೆದುಕೊಂಡು ಹೋಗಬೇಕು.

ಕೊಳ್ಳುವುದೇ ಬೇಡವೆನ್ನುವವರಿಗೂ ಒಂದು ದಾರಿಯಿದೆ. ಊರಿನ ಸೈಕಲ್ ಶಾಪುಗಳಲ್ಲಿ ಮೇಲಿನ ತೊಲೆಯಿಂದ ಹಗ್ಗ ಅಥವಾ ಸರಪಳಿ ಇಳಿಬಿಟ್ಟು ಸೈಕಲ್ ತೂಗುಹಾಕುವುದನ್ನು ಎಲ್ಲರೂ ನೋಡಿರುತ್ತಾರೆ. ಮನೆಯ ಪಡಸಾಲೆಯಲ್ಲಿ ಉಯ್ಯಾಲೆಗೆಂದು ತಾರಸಿಯಲ್ಲಿ ಹಾಕಿಸಿದ ಕೊಂಡಿಗಳಿದ್ದರೆ ಅವು ಮನುಷ್ಯರ ಭಾರಕ್ಕೆಂದೇ ಇರುವಂಥವು, ಸೈಕಲ್ಲನ್ನು ನಿರಾತಂಕವಾಗಿ ತಾಳುತ್ತವೆ. ಫ್ಯಾನಿನ ಕೊಂಡಿಗೆ ಮಾತ್ರ ಎಂದಿಗೂ ಕಟ್ಟಬಾರದು. ಒಂದು ಹಗ್ಗ ಸೀಟಿನ ಕೆಳಗೆ, ಇನ್ನೊಂದು ಹ್ಯಾಂಡಲ್ಲಿನ ನಡುವೆ. ತೂಗಾಡದಂತೆ ಮೂರನೆಯದನ್ನು ಕೆಳಗಿನಿಂದ ಕಿಟಕಿಯ ಸರಳಿಗೋ ಭಾರದ ಮೇಜಿನ ಕಾಲಿಗೋ ಬಿಗಿಯಬೇಕು.

ಎಲ್ಲಿ ಹಿಡಿಸಬೇಕು

ಈ ಬರಹದಲ್ಲಿ ನಾನು ಒತ್ತಿ ಹೇಳಬೇಕೆಂದಿರುವುದು ಇದನ್ನೇ. ಸ್ಟಾಂಡ್ ಎಷ್ಟೇ ಒಳ್ಳೆಯದಿರಲಿ, ಹಿಡಿಸುವ ಜಾಗ ತಪ್ಪಿದರೆ ಸೈಕಲ್ಲಿಗೆ ಕೇಡು. ಕ್ಲಾಂಪ್ ಹಿಡಿಯಬೇಕಾದದ್ದು ಸೀಟ್‌ಪೋಸ್ಟನ್ನು, ಫ್ರೇಮನ್ನಲ್ಲ. ಅಲ್ಯೂಮಿನಿಯಂ ಫ್ರೇಮಿನ ಪೈಪು ಎರಡು ತುದಿಗಳಲ್ಲಿ ದಪ್ಪವಿದ್ದು ನಡುವೆ ತೆಳುವಾಗಿರುವುದುಂಟು. ಸವಾರನ ಭಾರವನ್ನು ಉದ್ದಕ್ಕೆ ತಾಳಲು ಅದು ಗಟ್ಟಿಯೇ, ಆದರೆ ಅಕ್ಕಪಕ್ಕದಿಂದ ಹಿಸುಕುವ ಬಲವನ್ನು ತಾಳಲಾರದು. ಕಾರ್ಬನ್ನಿನಲ್ಲಾದರೋ ಹೊರಗೆ ಏನೂ ಕಾಣದೆ ಒಳಗೆ ಬಿರುಕು ಬಿಡುವ ಅಪಾಯವಿದೆ.

ಸ್ಟಾಂಡ್ ತಂದ ಮೊದಲ ವಾರದಲ್ಲಿ ನಾನೂ ಈ ತಪ್ಪು ಮಾಡಿದೆ. ಸೀಟು ಬಹಳ ತಗ್ಗಿನಲ್ಲಿತ್ತು, ಏರಿಸಲು ಸೋಮಾರಿತನವಾಗಿ ಮೇಲಿನ ಅಡ್ಡ ಪೈಪನ್ನೇ ದವಡೆಗೆ ಕೊಟ್ಟು, ಸೈಕಲ್ ಜಾರುತ್ತಿದೆಯೆಂದು ಮತ್ತೆರಡು ಸುತ್ತು ಬಿಗಿದೆ. ಬಿಚ್ಚಿದಾಗ ಬಣ್ಣ ಹಾಗೆಯೇ ಇತ್ತು. ಹೆಬ್ಬೆರಳು ಸವರಿದರೆ ಮಾತ್ರ ಅಲ್ಲೊಂದು ತಗ್ಗು ಸಿಗುತ್ತಿತ್ತು. ಆ ತಗ್ಗು ಇಂದಿಗೂ ಇದೆ, ಅದನ್ನು ಎತ್ತಿ ಸರಿಮಾಡುವ ಉಪಾಯವಿಲ್ಲ.

ಆದ್ದರಿಂದ ಮೊದಲು ಸೀಟ್‌ಪೋಸ್ಟ್ ಫ್ರೇಮಿನೊಳಕ್ಕೆ ಇಳಿಯುವ ಗೆರೆಯ ಮೇಲೆ ಇನ್ಸುಲೇಷನ್ ಟೇಪಿನ ಒಂದು ಸುತ್ತು ಹಾಕಿ, ಕೆಲಸ ಮುಗಿದ ಮೇಲೆ ಸೀಟು ಅದೇ ಎತ್ತರಕ್ಕೆ ಮರಳುವಂತೆ ಗುರುತು ಮಾಡಿಕೊಳ್ಳಬೇಕು. ಬಳಿಕ ಸೀಟಿನ ಕ್ಲಾಂಪ್ ಸಡಿಲಿಸಿ, ದವಡೆ ಪೂರ್ತಿಯಾಗಿ ಹಿಡಿಯುವಷ್ಟು ಪೋಸ್ಟನ್ನು ಮೇಲಕ್ಕೆಳೆಯಬೇಕು. ಪೋಸ್ಟಿನ ಮೇಲೆ ಕೆತ್ತಿರುವ ಕನಿಷ್ಠ ಮಿತಿಯ ಗೆರೆ ಹೊರಗೆ ಕಾಣುವಷ್ಟು ಎಳೆಯಬಾರದು. ಸೀಟನ್ನು ಮತ್ತೆ ಬಿಗಿದು, ಹೊರಗೆ ಬಂದ ಭಾಗದ ಗ್ರೀಸು ಧೂಳನ್ನೆಲ್ಲ ಒಣಬಟ್ಟೆಯಿಂದ ಒರೆಸಬೇಕು. ದವಡೆಯ ರಬ್ಬರನ್ನೂ ಒರೆಸಬೇಕು, ಏಕೆಂದರೆ ಅಲ್ಲಿ ಸಿಕ್ಕಿಕೊಂಡ ಒಂದು ಮರಳಿನ ಕಣ ಪೋಸ್ಟಿನ ಸುತ್ತ ಗೀರೆಳೆಯಲು ಸಾಕು. ಪೋಸ್ಟ್ ಕಾರ್ಬನ್ನಿನದಾದರೆ ಹಳೆಯ ಅಲ್ಯೂಮಿನಿಯಂ ಪೋಸ್ಟೊಂದನ್ನು ಕೆಲಸದ ಹೊತ್ತಿಗೆ ಮಾತ್ರ ಹಾಕಿಕೊಳ್ಳುವುದು ಕ್ಷೇಮ. ಗುಂಡಿ ಒತ್ತಿದರೆ ಏರಿಳಿಯುವ ಸೀಟ್‌ಪೋಸ್ಟ್ ಇದ್ದರೆ ಅದರ ಹೊಳೆಯುವ ಒಳಕೊಳವೆಯನ್ನು ಹಿಡಿಸಕೂಡದು. ಕೆಳಗಿನ ದಪ್ಪ ಹೊರಕವಚವನ್ನು ಹದವಾಗಿ ಹಿಡಿಸಬೇಕು.

ಸೈಕಲ್ ಏರಿಸುವುದು

ಸ್ಟಾಂಡ್ ನಿಲ್ಲಿಸಲು ಸುಮಾರು ಎರಡು ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲದ ಜಾಗ ಬೇಕು. ಕೆಳಗೆ ಹಳೆಯ ಗೋಣಿಚೀಲ ಹಾಸಿದರೆ ಕಾಲು ಜಾರುವುದಿಲ್ಲ, ತೊಟ್ಟಿಕ್ಕುವ ಎಣ್ಣೆಯೂ ನೆಲಕ್ಕಿಳಿಯುವುದಿಲ್ಲ, ಕೈತಪ್ಪಿ ಬಿದ್ದ ಸಣ್ಣ ನಟ್ಟು ಪುಟಿದು ಮೋರಿಗೆ ಹೋಗುವುದೂ ಇಲ್ಲ. ಕಾಲುಗಳನ್ನು ಪೂರ್ತಿ ಬಿಡಿಸಿ, ಸೈಕಲ್ಲಿನ ಭಾರ ಚಾಚುವ ಕಡೆಗೇ ಕಾಲುಗಳ ಹರಹು ಬರುವಂತೆ ತಿರುಗಿಸಬೇಕು. ಇದನ್ನು ಗಮನಿಸದೆ ವಿರುದ್ಧ ದಿಕ್ಕಿಗೆ ಸೈಕಲ್ ಹೇರಿದರೆ ಸ್ಟಾಂಡೇ ಮಗುಚುತ್ತದೆ. ಹಗುರ ಸ್ಟಾಂಡಾದರೆ ಕಾಲಿನ ಮೇಲೆ ಮರಳು ತುಂಬಿದ ಚೀಲವನ್ನೋ ಎರಡು ಇಟ್ಟಿಗೆಗಳನ್ನೋ ಇಡಬಹುದು. ಸೇಂಟ್ ಪಾಲ್‌ನ ಆ ಇಬ್ಬರು ಕಾಂಕ್ರೀಟಿನಿಂದ ಮಾಡಿಕೊಂಡದ್ದನ್ನು ನಾವು ಇಟ್ಟಿಗೆಯಿಂದ ಮಾಡಿಕೊಂಡಂತಾಯಿತು.

ಕ್ಲಾಂಪನ್ನು ಆದಷ್ಟು ಕೆಳಕ್ಕಿಳಿಸಿ, ದವಡೆ ತೆರೆದಿಟ್ಟು, ಚೈನಿರುವ ಬಲಬದಿ ತನ್ನ ಕಡೆಗೆ ಬರುವಂತೆ ಸೈಕಲ್ಲನ್ನು ತರಬೇಕು. ಒಂದು ಕೈ ಮೇಲಿನ ಪೈಪಿನ ಮೇಲಿರಲಿ, ಸೀಟಿನ ಮುಂತುದಿಯನ್ನು ಹೆಗಲಿಗೆ ಆನಿಸಿ ಎತ್ತಿ, ಪೋಸ್ಟನ್ನು ದವಡೆಯೊಳಗೆ ಕೂರಿಸಿ, ಇನ್ನೊಂದು ಕೈಯಿಂದ ಬಿಗಿಯಬೇಕು. ಬಿಗಿದ ಕೂಡಲೇ ಕೈ ಬಿಡಬಾರದು. ಹಿಂದಿನ ಗಾಲಿಯ ಬಳಿ ಹಿಡಿದು ಮೆಲ್ಲನೆ ಕೆಳಕ್ಕೆ ಜಗ್ಗಿ, ಸೈಕಲ್ ತಿರುಗದೆ ಜಾರದೆ ನಿಂತಿದ್ದರೆ ಮಾತ್ರ ಬಿಡಬೇಕು. ನಂತರ ಎತ್ತರ ಹೆಚ್ಚಿಸುವುದಾದರೆ ಇನ್ನೊಬ್ಬರ ಸಹಾಯ ಬೇಕು. ಬ್ಯಾಟರಿ ಸೈಕಲ್ಲಾದರೆ ಬ್ಯಾಟರಿ ಕಳಚಿದ ಮೇಲೆಯೇ ಎತ್ತಬೇಕು. ಗೇರ್ ಕೆಲಸಕ್ಕೆ ಪೆಡಲಿನ ಅಚ್ಚು ಸೊಂಟಕ್ಕಿಂತ ತುಸು ಮೇಲೆ, ಹ್ಯಾಂಡಲ್ಲಿನ ಕೆಲಸಕ್ಕೆ ಇನ್ನೂ ಕೆಳಗೆ ಇದ್ದರೆ ಬೆನ್ನು ನೆಟ್ಟಗಿರುತ್ತದೆ. ಹ್ಯಾಂಡಲ್ ತಾನಾಗಿ ಹೊರಳಿ ಫ್ರೇಮಿಗೆ ಬಡಿಯದಂತೆ ಮುಂದಿನ ಗಾಲಿಯನ್ನು ಕೆಳಗಿನ ಪೈಪಿಗೆ ಒಂದು ಪಟ್ಟಿಯಿಂದ ಕಟ್ಟಿಡುವುದು ನನ್ನ ರೂಢಿ.

ಮನೆಯಲ್ಲಿ ಮಕ್ಕಳಿದ್ದರೆ ಇಲ್ಲೇ ಒಂದು ಮಾತು. ಗಾಳಿಯಲ್ಲಿ ತಿರುಗುವ ಗಾಲಿ ಮಕ್ಕಳನ್ನು ಬಹಳ ಸೆಳೆಯುತ್ತದೆ. ತಿರುಗುತ್ತಿರುವ ಚೈನು ಮತ್ತು ಹಲ್ಲಿನ ಚಕ್ರದ ನಡುವೆ, ಡಿಸ್ಕ್ ಬ್ರೇಕಿನ ತಟ್ಟೆಯ ರಂಧ್ರಗಳಲ್ಲಿ ಬೆರಳು ಸಿಕ್ಕರೆ ತುಂಡಾಗುವಷ್ಟು ಪೆಟ್ಟಾಗುತ್ತದೆ. ಪೆಡಲ್ ತಿರುಗಿಸುವ ಹೊತ್ತಿನಲ್ಲಿ ಅವರು ಎರಡು ಹೆಜ್ಜೆ ದೂರವಿರಲಿ.

ಸ್ಟಾಂಡಿನ ಮೇಲೆ ಮಾಡುವ ಕೆಲಸ

ಮೊದಲು ಚೈನು. ಒಣಬಟ್ಟೆಯನ್ನು ಕೆಳಗಿನ ಚೈನಿನ ಸುತ್ತ ಹಿಡಿದು ಪೆಡಲನ್ನು ಹಿಂದಕ್ಕೆ ತಿರುಗಿಸಿ, ಬಟ್ಟೆಗೆ ಕಪ್ಪು ಬರುವುದು ಕಡಿಮೆಯಾಗುವವರೆಗೆ ಒರೆಸಬೇಕು. ಆಮೇಲೆ ಅಳತೆ: ಒಂದು ಪಿನ್ನಿನ ನಡುವಿನಿಂದ ಎಣಿಸಿ, ಒಳಗಿನದು ಹೊರಗಿನದು ಸೇರಿ 24 ಕೊಂಡಿಗಳ ನಂತರದ ಪಿನ್ನಿನ ನಡುವಿಗೆ ಹೊಸ ಚೈನಿನಲ್ಲಿ ಸರಿಯಾಗಿ 12 ಅಂಗುಲ, ಅಂದರೆ 304.8 ಮಿ.ಮೀ. ಇರುತ್ತದೆ. ಅದು ಒಂದೂವರೆ ಮಿ.ಮೀ. ಹೆಚ್ಚಿದ್ದರೆ ಚೈನು ಬದಲಿಸುವ ಕಾಲ ಬಂದಿದೆ. ತಡಮಾಡಿದರೆ ಸವೆದ ಚೈನು ಹಿಂದಿನ ಹಲ್ಲಿನ ಚಕ್ರಗಳನ್ನೂ ತಿಂದುಹಾಕಿ, ಖರ್ಚು ಹಲವು ಪಟ್ಟಾಗುತ್ತದೆ. ಎಣ್ಣೆಯನ್ನು ಕೊಂಡಿಯ ಪ್ರತಿ ಉರುಳೆಗೆ ಒಂದೊಂದು ಹನಿ ಮಾತ್ರ ಬಿಟ್ಟು, ಕೆಲವು ನಿಮಿಷದ ನಂತರ ಹೊರಮೈಯನ್ನು ಒರೆಸಬೇಕು. ಡಿಸ್ಕ್ ತಟ್ಟೆಗಾಗಲಿ, ಬ್ರೇಕ್ ಹಿಡಿಯುವ ರಿಮ್ಮಿನ ಅಂಚಿಗಾಗಲಿ ಒಂದು ಹನಿಯೂ ಸಿಡಿಯಬಾರದು.

ಸ್ಟಾಂಡಿನ ನಿಜವಾದ ಬೆಲೆ ಗೊತ್ತಾಗುವುದು ಗೇರ್ ಹೊಂದಿಸುವಾಗ. ಸೈಕಲ್ಲಿನ ಹಿಂದೆ ನಿಂತು, ಚೈನನ್ನು ಒಂದು ಹಲ್ಲಿನ ಚಕ್ರದಿಂದ ಇನ್ನೊಂದಕ್ಕೆ ಸರಿಸುವ ಡಿರೇಲರಿನ ಎರಡು ಪುಟ್ಟ ಗಾಲಿಗಳಲ್ಲಿ ಮೇಲಿನದರ ಮಟ್ಟಕ್ಕೆ ಕಣ್ಣು ತಂದು, ಅತಿ ಚಿಕ್ಕ ಹಲ್ಲಿನ ಚಕ್ರಕ್ಕೆ ಚೈನು ಇಳಿಸಿ ನೋಡಬೇಕು. ಆ ಪುಟ್ಟ ಗಾಲಿ ಚಿಕ್ಕ ಚಕ್ರದ ಹೊರಅಂಚಿನ ನೇರ ಕೆಳಗೆ ಬರುವಂತೆ ಎಚ್ ಗುರುತಿನ ಸ್ಕ್ರೂ ತಿರುಗಿಸಬೇಕು. ಬಳಿಕ ಒಂದು ಕೈಯಿಂದ ಪೆಡಲ್ ತಿರುಗಿಸುತ್ತ ಇನ್ನೊಂದು ಕೈ ಚಾಚಿ ಗೇರ್ ಲಿವರನ್ನು ಒಂದೇ ಒಂದು ಕ್ಲಿಕ್ ಒತ್ತಬೇಕು. ಚೈನು ಪಕ್ಕದ ಚಕ್ರಕ್ಕೆ ಏರಲು ತಡವರಿಸಿದರೆ ಕೇಬಲ್ ಸಡಿಲವಿದೆ; ಡಿರೇಲರಿಗೆ ಕೇಬಲ್ ಬರುವಲ್ಲಿನ ಬ್ಯಾರೆಲ್ ತಿರುಪನ್ನು, ಹಿಂದಿನಿಂದ ನೋಡುವಾಗ, ಗಡಿಯಾರದ ಮುಳ್ಳಿನ ವಿರುದ್ಧ ದಿಕ್ಕಿಗೆ ಅರ್ಧ ಸುತ್ತು ತಿರುಗಿಸಬೇಕು. ಏರಿದ ಮೇಲೂ ಅದರಾಚೆಯ ದೊಡ್ಡ ಚಕ್ರಕ್ಕೆ ತಗುಲಿ ಟಿಕ್ ಟಿಕ್ ಎನ್ನುತ್ತಿದ್ದರೆ ಕೇಬಲ್ ಹೆಚ್ಚು ಬಿಗಿ, ತಿರುಪನ್ನು ಹಿಂದಕ್ಕೆ ಕಾಲು ಸುತ್ತು ತರಬೇಕು. ಹೀಗೆ ಕಾಲು ಸುತ್ತು, ಅರ್ಧ ಸುತ್ತು ಮಾಡುತ್ತ ಹೋದಂತೆ ಆ ಟಿಕ್ ಟಿಕ್ ಒಮ್ಮೆಗೇ ನಿಂತು, ಚೈನಿನ ನುಣ್ಣನೆಯ ಮರ್ಮರವಷ್ಟೇ ಉಳಿಯುವ ಒಂದು ಘಳಿಗೆ ಬರುತ್ತದೆ. ರಸ್ತೆಯ ಗದ್ದಲದಲ್ಲಿ, ಸವಾರಿಯ ಮೇಲೆ ಅದನ್ನು ಕೇಳಲು ಸಾಧ್ಯವೇ ಇಲ್ಲ. ಕೊನೆಗೆ ಅತಿ ದೊಡ್ಡ ಚಕ್ರಕ್ಕೆ ಏರಿಸಿ, ಚೈನು ಅದನ್ನೂ ದಾಟಿ ಕಡ್ಡಿಗಳ ಮೇಲೆ ಬೀಳದಂತೆ ಎಲ್ ಗುರುತಿನ ಸ್ಕ್ರೂ ತಡೆಯುತ್ತಿದೆಯೇ ನೋಡಲೇಬೇಕು. ಏರುದಾರಿಯಲ್ಲಿ ಹಾಗೆ ಬಿದ್ದರೆ ಡಿರೇಲರ್ ಮುರಿದು ಕಡ್ಡಿಗಳೂ ಹೋಗುತ್ತವೆ.

ರಿಮ್ ಬೆಂಡಾಗಿದ್ದರೆ ಗಾಲಿ ತಿರುಗಿಸಿ, ಬ್ರೇಕಿನ ರಬ್ಬರಿಗೂ ರಿಮ್ಮಿಗೂ ನಡುವಿನ ಸಂದನ್ನು ಗಮನಿಸಬೇಕು. ಡಿಸ್ಕ್ ಬ್ರೇಕಿನ ಸೈಕಲ್ಲಾದರೆ ಫೋರ್ಕಿಗೆ ಒಂದು ಪ್ಲಾಸ್ಟಿಕ್ ಟೈ ಕಟ್ಟಿ ಅದರ ಬಾಲವನ್ನು ರಿಮ್ಮಿನ ಅಂಚಿಗೆ ಬರುವಂತೆ ಕತ್ತರಿಸಿಕೊಂಡರೆ ಅದೇ ಬೆಂಡ್ ತೋರಿಸುವ ಮುಳ್ಳಾಗುತ್ತದೆ. ರಿಮ್ ಎಡಕ್ಕೆ ವಾಲಿದ ಜಾಗದಲ್ಲಿ ಬಲಬದಿಯ ಕಡ್ಡಿಯನ್ನು ಕಾಲು ಸುತ್ತು ಬಿಗಿದು ಎಡಬದಿಯದನ್ನು ಅಷ್ಟೇ ಸಡಿಲಿಸಿ, ಮತ್ತೆ ತಿರುಗಿಸಿ ನೋಡಬೇಕು. ಒಂದೇ ಸಲಕ್ಕೆ ಪೂರ್ತಿ ಸುತ್ತು ತಿರುಗಿಸುವವರ ಗಾಲಿ ಮೊದಲಿಗಿಂತ ಕೆಡುತ್ತದೆ. ಗಾಲಿ ಕಳಚಿರುವಾಗ ಎಣ್ಣೆಯ ಡಿಸ್ಕ್ ಬ್ರೇಕಿನ ಲಿವರನ್ನು ಯಾರಾದರೂ ಒತ್ತಿದರೂ ಪ್ಯಾಡುಗಳು ಕೂಡಿಕೊಳ್ಳದಂತೆ ಅವುಗಳ ನಡುವೆ ರಟ್ಟಿನ ಮಡಿಕೆಯೊಂದನ್ನು ಸಿಕ್ಕಿಸಿಡಬೇಕು.

ಸ್ಟಾಂಡಿನ ಮೇಲೆ ಮಾಡಬಾರದ ಕೆಲಸ

ಬಲ ಹಾಕುವ ಕೆಲಸಗಳೆಲ್ಲ ನೆಲದ ಮೇಲೆಯೇ ಆಗಬೇಕು. ಪೆಡಲ್ ಬಿಚ್ಚುವುದು ಇವುಗಳಲ್ಲಿ ಮೊದಲನೆಯದು. ತುಕ್ಕು ಹಿಡಿದ ಪೆಡಲಿನ ಮೇಲೆ ಸ್ಪ್ಯಾನರಿಗೆ ಮೈಭಾರ ಹಾಕಿದರೆ ಆ ಬಲವೆಲ್ಲ ದವಡೆಯಲ್ಲಿರುವ ಸೀಟ್‌ಪೋಸ್ಟನ್ನು ತಿರುಚುತ್ತದೆ, ಇಲ್ಲವೇ ಸ್ಟಾಂಡನ್ನು ಕೆಡವುತ್ತದೆ. ಎಡ ಪೆಡಲಿನ ಮರೆ (ಥ್ರೆಡ್) ಉಲ್ಟಾ ಇರುವುದನ್ನು ಮರೆತು ಬಿಚ್ಚುವ ಬದಲು ಬಿಗಿಯುತ್ತಿರುವವರಿಗಂತೂ ಇದು ಖಚಿತ. ಹಳೆಯ ಸೈಕಲ್ಲಿನಲ್ಲಿ ಕ್ರ್ಯಾಂಕನ್ನು, ಅಂದರೆ ಪೆಡಲಿನ ತೋಳನ್ನು, ಅಚ್ಚಿಗೆ ಬಿಗಿಯುವ ಕಾಟರ್ ಪಿನ್ನಿಗೆ ಸುತ್ತಿಗೆ ಹಾಕುವಾಗಲೂ ಹಾಗೆಯೇ. ಕ್ರ್ಯಾಂಕಿನ ಕೆಳಗೆ ಕಬ್ಬಿಣದ ದಪ್ಪ ಪೈಪನ್ನು ನೆಲದಿಂದ ಆಸರೆಯಾಗಿ ಕೊಟ್ಟು ಹೊಡೆಯಬೇಕು, ಇಲ್ಲದಿದ್ದರೆ ಪೆಟ್ಟು ಒಳಗಿನ ಬಾಲ್ಸುಗಳಿಗೆ ತಗುಲಿ ಬಟ್ಟಲಿನಲ್ಲಿ ಗುಳಿ ಬೀಳುತ್ತದೆ.

ಹ್ಯಾಂಡಲ್ ಬೇರಿಂಗಿನ ಆಟವನ್ನೂ ನೆಲದ ಮೇಲೆ, ಮುಂದಿನ ಬ್ರೇಕ್ ಹಿಡಿದು ಸೈಕಲ್ಲನ್ನು ಹಿಂದೆಮುಂದೆ ತೂಗಿ ನೋಡಬೇಕು. ಗಾಳಿಯಲ್ಲಿ ಅದು ತಿಳಿಯುವುದಿಲ್ಲ.

ಇಳಿಸುವಾಗ ಒಂದು ಕೈಯಲ್ಲಿ ಸೈಕಲ್ಲಿನ ಭಾರವನ್ನು ತಾಳಿಕೊಂಡ ಮೇಲೆಯೇ ಕ್ಲಾಂಪ್ ಸಡಿಲಿಸಬೇಕು. ಸ್ಟಾಂಡಿನ ಮೇಲೆ ಗಾಲಿ ಜೋಡಿಸಿದಾಗ ಗಾಲಿಯ ತೂಕವೇ ಆಕ್ಸಲನ್ನು ತುಸು ಕೆಳಕ್ಕೆ ಎಳೆದಿರುತ್ತದೆ. ಆದ್ದರಿಂದ ಕ್ವಿಕ್ ರಿಲೀಸ್ ಗಾಲಿಗಳನ್ನು ಸೈಕಲ್ ನೆಲಕ್ಕಿಳಿದ ನಂತರ ಮತ್ತೊಮ್ಮೆ ಸಡಿಲಿಸಿ, ಹ್ಯಾಂಡಲ್ ಮತ್ತು ಸೀಟನ್ನು ಕೆಳಕ್ಕೆ ಒತ್ತಿ, ಆಕ್ಸಲ್ ತನ್ನ ಗೂಡಿನಲ್ಲಿ ಪೂರ್ತಿ ಕುಳಿತದ್ದನ್ನು ಕಂಡು ಲಿವರ್ ಮುಚ್ಚಬೇಕು. ಸೀಟನ್ನು ಟೇಪಿನ ಗುರುತಿಗೆ ಇಳಿಸಿ, ಅದು ಮುಂದಿನ ಗಾಲಿಯ ನೇರಕ್ಕಿದೆಯೇ ನೋಡಿ, ತಯಾರಕರು ಬರೆದಷ್ಟೇ ಬಿಗಿಯಬೇಕು. ಆಮೇಲೆ ನಿಂತಲ್ಲೇ ಎರಡೂ ಬ್ರೇಕ್ ಪರೀಕ್ಷಿಸಿ, ಬೀದಿಯ ಕೊನೆಯವರೆಗೆ ಎಲ್ಲ ಗೇರುಗಳನ್ನೂ ಬದಲಿಸುತ್ತ ಒಮ್ಮೆ ಹೋಗಿ ಬರಬೇಕು. ಮೈಭಾರ ಬಿದ್ದಾಗ ಚೈನು ಹಾರುವುದು ಸ್ಟಾಂಡಿನ ಮೇಲೆ ಕಂಡಿರುವುದಿಲ್ಲವಾದ್ದರಿಂದ, ಹಾಗಾದರೆ ಸೈಕಲ್ ಇನ್ನೊಮ್ಮೆ ದವಡೆಗೇರಬೇಕು.